ಮೊದಲು ಕಾಡಿನ ಅರ್ಜಿ, ಆಮೇಲೆ ಹೊಲದ್ದು

ಚಾಮರಾಜನಗರ ಜಿಲ್ಲೆಯ ಕಾಡುಗಳಲ್ಲಿರುವ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ, ಅಂದರೆ ಅವರ ಸಣ್ಣ ಹಳ್ಳಿಗಳಲ್ಲಿ, ಅರಣ್ಯ ಹಕ್ಕಿನ ಕೆಲಸಕ್ಕೆ ಓಡಾಡುವವರಿಗೆ ಎಲ್ಲಿ ಹೋದರೂ ಮೊದಲು ಎದುರಾಗುವುದು ಒಂದೇ ಪ್ರಶ್ನೆ: ‘ನಮ್ಮ ಹೊಲಕ್ಕೆ ಪತ್ರ ಯಾವಾಗ ಬತ್ತದೆ?’ ಕೇಳುವುದು ಸಹಜ. ಎಕರೆಯೋ ಒಂದೂವರೆಯೋ ರಾಗಿ ಬೆಳೆದುಕೊಂಡು ತಲೆಮಾರುಗಟ್ಟಲೆ ಬದುಕಿದವರಿಗೆ ಒಕ್ಕಲೆಬ್ಬಿಸುವ ಭಯ ಇನ್ನೂ ಹೋಗಿಲ್ಲ. ಆದರೂ ನಾನು ಕೆಲಸ ಮಾಡಿದ ಪೋಡುಗಳಲ್ಲಿ ಹೊಲದ ಅರ್ಜಿಗಿಂತ ಮೊದಲು ಕಾಡಿನ ಅರ್ಜಿ ಹಾಕಿಸಿದೆ. ಅದಕ್ಕೆ ಕೆಲವರಿಂದ ಬೈಸಿಕೊಂಡಿದ್ದೂ ಉಂಟು.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ನಮೂನೆ ಮೂರು. ‘ಎ’ ಸಾಗುವಳಿ ಮತ್ತು ಮನೆ ಜಾಗಕ್ಕೆ, ‘ಬಿ’ ದನ ಮೇಯಿಸುವುದು, ಜೇನು, ಸೀಗೆ, ಅಂಟುವಾಳ ತರುವುದು ಇಂಥ ಸಮುದಾಯದ ಬಳಕೆಗೆ. ‘ಸಿ’ ಸಮುದಾಯ ಅರಣ್ಯ ಸಂಪನ್ಮೂಲಕ್ಕೆ, ನಾನು ಕಾಡಿನ ಅರ್ಜಿ ಅಂದದ್ದು ಇದನ್ನೇ. ‘ಬಿ’ ಹಾಕಿದರೆ ಕಾಡಿನಿಂದ ತಂದುಕೊಳ್ಳುವ ಹಕ್ಕು ಸಿಗುತ್ತದೆ. ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕು, ಅಂದರೆ ಕಲಂ 3(1)(ಐ), ‘ಸಿ’ಯಲ್ಲಿ ಇದೆ. ಬಹಳ ಕಡೆ ಈ ಮೂರನೆಯ ನಮೂನೆ ಪೋಡಿನವರ ಕೈಗೇ ಬಂದಿರುವುದಿಲ್ಲ.

‘ಎ’ಯಿಂದ ಶುರು ಮಾಡಿದರೆ ಏನಾಗುತ್ತದೆ ಎಂದು ನೋಡಿದ್ದೇನೆ. ಅಳತೆ ಶುರುವಾದ ದಿನವೇ ಅಣ್ಣತಮ್ಮಂದಿರ ಬದುವಿನ ಜಗಳ ಶುರು. ಹೊಲವಿಲ್ಲದವರು, ಕಾಡುತ್ಪತ್ತಿಯನ್ನೇ ನಂಬಿದವರು, ಸಭೆಗೆ ಬರುವುದನ್ನು ಬಿಡುತ್ತಾರೆ. ಹಕ್ಕುಪತ್ರ ಗಂಡಹೆಂಡಿರಿಬ್ಬರ ಹೆಸರಲ್ಲೂ ಇರಬೇಕು ಎಂದು ಕಾಯ್ದೆ ಹೇಳಿದರೂ ಸಭೆಯಲ್ಲಿ ಮಾತೆಲ್ಲ ಗಂಡಸರದ್ದೇ. ಪತ್ರ ಸಿಕ್ಕವರು ಆಮೇಲೆ ಸಭೆ ಕಡೆ ತಲೆ ಹಾಕುವುದಿಲ್ಲ. ‘ಸಿ’ ಅರ್ಜಿಯಲ್ಲಿ ಹಾಗಿಲ್ಲ. ಅದರಲ್ಲಿ ಎಲ್ಲರಿಗೂ ಪಾಲಿದೆ, ಆದ್ದರಿಂದ ಎಲ್ಲರೂ ಬರುತ್ತಾರೆ.

ಮೊದಲ ಕೆಲಸ ಗ್ರಾಮಸಭೆ. ಪಂಚಾಯ್ತಿ ಕಚೇರಿಯಲ್ಲಿ ವರ್ಷಕ್ಕೆರಡು ಸಲ ನಡೆಯುತ್ತದಲ್ಲ, ಆ ಸಭೆಯಲ್ಲ. ಪೋಡಿನದ್ದೇ ಆದ ಸಭೆ. 2012ರಲ್ಲಿ ತಿದ್ದುಪಡಿಯಾದ ನಿಯಮಗಳು ಪೋಡು, ಹಾಡಿ, ದಾಖಲೆಯಿಲ್ಲದ ವಸತಿಗಳನ್ನೂ ಗುರುತಿಸಬೇಕು ಎನ್ನುತ್ತವೆ. ಕೋರಂಗೆ ಅರ್ಧದಷ್ಟು ಸದಸ್ಯರು ಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅರ್ಜಿ ಪರಿಶೀಲಿಸಲು ಈ ಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ, ಅವರಲ್ಲೂ ಮೂರನೇ ಒಂದು ಭಾಗಕ್ಕೆ ಕಮ್ಮಿಯಿಲ್ಲದಂತೆ ಹೆಂಗಸರು. ಇದು ಕಾಗದದ ಶಾಸ್ತ್ರ ಅಂದುಕೊಳ್ಳಬೇಡಿ. ಅರ್ಜಿ ಬೀಳಿಸಬೇಕು ಎಂದುಕೊಂಡವರು ಮೊದಲು ಕೈ ಹಾಕುವುದೇ ನಡಾವಳಿ ಪುಸ್ತಕಕ್ಕೆ. ನಾವು ಹಾಜರಿಗೆ ಹೆಂಗಸರದ್ದೇ ಬೇರೆ ಪಟ್ಟಿ ಇಟ್ಟೆವು. ಹೆಬ್ಬೆಟ್ಟಿನ ಪಕ್ಕ ಹೆಸರನ್ನು ಬೇರೊಬ್ಬರು ಬರೆದು ಅವರೂ ಸಹಿ ಹಾಕುವಂತೆ ಮಾಡಿದೆವು. ಠರಾವನ್ನು ಸಭೆ ಮುಗಿಯುವ ಮೊದಲೇ ಬರೆದು, ಗಟ್ಟಿಯಾಗಿ ಓದಿ, ಆಮೇಲೆ ಸಹಿ. ‘ನಾಳೆ ಚೆನ್ನಾಗಿ ಬರೆದು ತರುತ್ತೇನೆ’ ಎಂದ ಪಂಚಾಯ್ತಿ ಸಿಬ್ಬಂದಿಗೆ ಪುಸ್ತಕ ಕೊಟ್ಟು ಕಳಿಸಲಿಲ್ಲ.

ನಿಜವಾದ ಕೆಲಸ ಗಡಿ ನಡೆಯುವುದು. ಟೋಪೋಶೀಟು, ಅಂದರೆ ಸರ್ವೆ ನಕ್ಷೆ ಹರಡಿ ಪೆನ್ಸಿಲ್ಲಲ್ಲಿ ಗೆರೆ ಎಳೆದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಆದರೆ ಆ ಗೆರೆಯನ್ನು ಪೋಡಿನಲ್ಲಿ ಯಾರೂ ತಮ್ಮದು ಅನ್ನುವುದಿಲ್ಲ. ಸೋಲಿಗರಿಗೆ ಕುಲಕ್ಕೊಂದು ಯಲ್ಲೆ, ಅಂದರೆ ಆ ಕುಲದ ಪಾಲಿನ ಕಾಡು, ಇದೆ. ಒಂದೊಂದು ಯಲ್ಲೆಯಲ್ಲೂ ದೇವರು, ಮಾರಮ್ಮ, ವೀರ, ಕಲ್ಲುಗುಡಿಗಳ ಜಾಗಗಳಿವೆ. ಗಡಿ ಹೋಗುವುದು ಈ ಜಾಗಗಳನ್ನು, ಹಳ್ಳ, ಬೋರೆ, ಬಂಡೆಗಳನ್ನು ಹಿಡಿದು. ನಾವು ಇಬ್ಬರು ಹಿರಿಯರು, ಇಬ್ಬರು ಹುಡುಗರು, ಒಂದು ಜಿಪಿಎಸ್, ಒಂದು ನೋಟ್‌ಬುಕ್ಕು ಅಂತ ತಂಡ ಕಟ್ಟಿದೆವು. ಹಿರಿಯರು ನಿಂತ ಕಡೆಯೆಲ್ಲ ಒಂದು ಪಾಯಿಂಟು. ಪಾಯಿಂಟಿನ ನಂಬರು, ಜಾಗದ ಹೆಸರು, ಅಲ್ಲಿ ಏನಿದೆ, ಹೇಳಿದವರು ಯಾರು, ಈ ನಾಲ್ಕನ್ನೂ ನಿಂತಲ್ಲೇ ಬರೆಯಬೇಕು. ಸಂಜೆ ಬಂದು ನೆನಪಿಂದ ಬರೆದರೆ ನಂಬರು ಒಂದಕ್ಕೊಂದು ತಾಳೆಯಾಗುವುದಿಲ್ಲ. ದಟ್ಟ ಮರಗಳ ಕೆಳಗೆ ಉಪಗ್ರಹ ಸಿಗ್ನಲ್ ಅಲ್ಲಾಡುತ್ತದೆ, ಅಲ್ಲಿ ಎರಡು ನಿಮಿಷ ಅಲುಗದೆ ನಿಂತು, ನಿಖರತೆ ತೋರಿಸುವ ಅಂಕಿ ಇಳಿದ ಮೇಲೆ ಒತ್ತಬೇಕು. ಎಲ್ಲ ಸಾಧನಗಳೂ ಡೆಸಿಮಲ್ ಡಿಗ್ರಿಯಲ್ಲೇ ಇರಲಿ. ಒಬ್ಬರದು ನಿಮಿಷ-ಸೆಕೆಂಡಿನಲ್ಲಿ, ಇನ್ನೊಬ್ಬರದು ಡೆಸಿಮಲ್ಲಿನಲ್ಲಿ ಇದ್ದರೆ ನಕ್ಷೆಯಲ್ಲಿ ನಿಮ್ಮ ಕಾಡು ತಮಿಳುನಾಡಿಗೆ ಹೋಗಿ ಕೂತಿರುತ್ತದೆ.

ಒಂದು ಕಡೆ ಹಳ್ಳದ ದಡಕ್ಕೆ ಬಂದಾಗ ಹುಡುಗರು ದಾಟಿ ಮುಂದೆ ಹೊರಟರು. ಆಚೆ ಅಂಟುವಾಳದ ಮರಗಳು ಚೆನ್ನಾಗಿದ್ದವು. ಯಜಮಾನರು ಈಚೆ ದಡದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ‘ಹಳ್ಳ ದಾಟ್ದೇಟ್ಗೆ ನಮ್ದಲ್ಲ ಕಣಪ್ಪ. ಅಲ್ಲಿ ಇರೋ ವೀರ ಆ ಪೋಡ್ನೋರ್ದು. ನಾವು ಕಾಯಿ ತಕಬತ್ತೀವಿ, ಅವ್ರಿಗೆ ಹೇಳ್ಬುಟ್ಟು.’ ಹುಡುಗರಿಗೆ ನಿರಾಶೆಯಾಯಿತು. ನನಗೆ ಅರ್ಜಿಯ ಅತಿ ಮುಖ್ಯ ಸಾಲು ಸಿಕ್ಕಿತ್ತು. ‘ಸಿ’ ನಮೂನೆಯಲ್ಲಿ ಅಕ್ಕಪಕ್ಕದ ಹಳ್ಳಿಗಳ ಹೆಸರು ಕೇಳುವ ಕಾಲಂ ಇದೆ. ಅವರೊಂದಿಗೆ ಹಂಚಿಕೊಳ್ಳುವ ಸಂಪನ್ಮೂಲ, ಜವಾಬ್ದಾರಿಗಳನ್ನೂ ಅಲ್ಲಿ ಬರೆಯಬಹುದು. ಎಲ್ಲರೂ ಖಾಲಿ ಬಿಡುವ ಕಾಲಂ ಅದು. ನಾವು ಆಚೆ ಪೋಡಿನ ಯಜಮಾನರನ್ನು ಕರೆಸಿ, ಹಳ್ಳವೇ ಗಡಿ, ಆಚೆ ದಡದ ಕಾಯಿ ಹೇಳಿ ತರುವುದು ರೂಢಿ ಎಂದು ಎರಡೂ ಸಭೆಗಳ ನಡಾವಳಿಯಲ್ಲಿ ಒಂದೇ ಮಾತಿನಲ್ಲಿ ಬರೆಸಿದೆವು. ಮುಂದೆ ಯಾರಾದರೂ ‘ಈ ಎರಡು ಪೋಡುಗಳ ನಡುವೆ ತಕರಾರಿದೆ’ ಎಂದು ಕಡತ ನಿಲ್ಲಿಸುವ ಹಾಗಿಲ್ಲ.

ಹೆಂಗಸರೊಂದಿಗೆ ಬೇರೆಯಾಗಿಯೇ ನಡೆದೆವು. ಗಂಡಸರ ನಡಿಗೆಯಲ್ಲಿ ದೇವರು, ಜೇನುಬಂಡೆ, ಆನೆದಾರಿ ಬಂದವು. ಹೆಂಗಸರ ನಡಿಗೆಯಲ್ಲಿ ಬೇಸಿಗೆಯಲ್ಲೂ ಒಸರುವ ನೀರಿನ ಗುಂಡಿಗಳು, ಸೊಪ್ಪು ಕುಯ್ಯುವ ಜಾಗ, ಗೆಣಸು ಅಗೆಯುವ ಇಳಿಜಾರು. ಮೊದಲ ನಕ್ಷೆಯಲ್ಲಿ ಇವು ಇರಲೇ ಇಲ್ಲ. ನಡಿಗೆಗೆ ಬಂದ ಅಕ್ಕನೊಬ್ಬರು ಒಂದು ಗುಂಡಿಯ ಕಲ್ಲು ಸರಿಸಿ ತೋರಿಸಿದರು. ಕೆಸರಿನಡಿ ಕೈಯಿಂದ ಜೋಡಿಸಿದ ಕಲ್ಲುಕಟ್ಟು. ಅವರ ಅತ್ತೆಯ ಅತ್ತೆ ಕಟ್ಟಿದ್ದಂತೆ.

ಸಾಕ್ಷ್ಯದ ವಿಷಯದಲ್ಲಿ ಜನಕ್ಕೆ ದೊಡ್ಡ ತಪ್ಪುಕಲ್ಪನೆಯಿದೆ. ಸರ್ಕಾರಿ ಮೊಹರಿದ್ದರೆ ಮಾತ್ರ ದಾಖಲೆ ಎಂದು. ಇದೇ ಕಾಯ್ದೆಯ ನಿಯಮ 13 ಓದಿ. ಹಿರಿಯರ ಲಿಖಿತ ಹೇಳಿಕೆ, ಬಾವಿ, ಸ್ಮಶಾನ, ಪೂಜಾಸ್ಥಳ, ವಂಶಾವಳಿ, ಹಳೆಯ ಗೆಜೆಟಿಯರು, ಅರಣ್ಯ ಇಲಾಖೆಯದೇ ಕಾರ್ಯಯೋಜನೆ, ಎಲ್ಲವೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೆ. ಆ ಕಲ್ಲುಕಟ್ಟು ಒಂದು ಸಾಕ್ಷ್ಯವಾಯಿತು. ಫೋಟೊ, ಪಾಯಿಂಟ್ ನಂಬರು, ಅಕ್ಕನ ಹೇಳಿಕೆ, ಮೂರನ್ನೂ ಒಟ್ಟಿಗೆ ಪಿನ್ ಮಾಡಿದೆವು. ಹಳೆಯ ನಕ್ಷೆ ಮತ್ತು ದಾಖಲೆಗಳಿಗೆ ಸಮಿತಿಯ ಲೆಟರ್‌ಹೆಡ್ಡಿನಲ್ಲಿ ಬರೆದು ಕೇಳಿದೆವು. ಸಮಿತಿ ಲಿಖಿತವಾಗಿ ಕೇಳಿದರೆ ದೃಢೀಕೃತ ಪ್ರತಿ ಕೊಡಬೇಕು ಎಂದು ನಿಯಮ 12ರಲ್ಲೇ ಇದೆ. ಕೊಟ್ಟಿದ್ದು ಅರ್ಧ. ಕೇಳಿದ ಪತ್ರದ ಸ್ವೀಕೃತಿ ಪ್ರತಿಯನ್ನು ಕಡತಕ್ಕೆ ಸೇರಿಸಿದೆವು, ಅದೂ ಉಪಯೋಗಕ್ಕೆ ಬಂತು.

ನನಗೆ ಉತ್ತರ ಸಿಗದ ಭಾಗವೂ ಒಂದಿದೆ. ಕಾಡಿನೊಳಗೆ ದೊಡ್ಡಿ ಹಾಕಿ ದನ ಸಾಕುವವರು ಸೋಲಿಗರಲ್ಲ, ಪರಿಶಿಷ್ಟ ಪಂಗಡವೂ ಅಲ್ಲ. ಅವರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳಾಗಬೇಕಾದರೆ 13 ಡಿಸೆಂಬರ್ 2005ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಕಾಡನ್ನು ನಂಬಿ ಬದುಕಿದ್ದನ್ನು ತೋರಿಸಬೇಕು. 1930ರ ಕಾಗದ ಯಾರ ಹತ್ತಿರ ಇರುತ್ತದೆ? ಉತ್ತರ ಕನ್ನಡದಲ್ಲೂ ಸಾವಿರಾರು ಅರ್ಜಿಗಳು ಈ ಕಂಬಕ್ಕೇ ಬಡಿದು ನಿಂತಿವೆ. ದೊಡ್ಡಿಯವರ ಮೇಯಿಸುವ ದಾರಿಯನ್ನು ನಮ್ಮ ನಕ್ಷೆಯಲ್ಲಿ ಗುರುತು ಹಾಕಿ, ಠರಾವಿನಲ್ಲಿ ಒಪ್ಪಿಗೆ ಬರೆಸಿದೆವು. ಅಷ್ಟು ಬಿಟ್ಟರೆ ನನ್ನ ಕೈಯಲ್ಲಿ ಆಗಲಿಲ್ಲ.

ಗ್ರಾಮಸಭೆಯಿಂದ ಹೋದ ಅರ್ಜಿ ನೋಡುವ ಉಪವಿಭಾಗ ಮಟ್ಟದ ಸಮಿತಿಯಲ್ಲಿ ಕಡತ ಬಹಳ ದಿನ ಕೂತಿತ್ತು. ‘ವನ್ಯಜೀವಿಧಾಮದೊಳಗೆ ಸಮುದಾಯ ಹಕ್ಕು ಹೇಗೆ ಕೊಡುವುದು’ ಎಂಬ ಪ್ರಶ್ನೆ ಬಂತು, ಅದೂ ಬಾಯಿಮಾತಲ್ಲಿ. ಉತ್ತರ ಇದೇ ಜಿಲ್ಲೆಯಲ್ಲಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2006ರಲ್ಲಿ ಕಾಡುತ್ಪತ್ತಿ ಮಾರಾಟಕ್ಕೆ ನಿಷೇಧ ಬಿದ್ದಿತ್ತು. 2011ರ ಆರಂಭದಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದರ ಜೆರಾಕ್ಸ್ ಯಾವಾಗಲೂ ನನ್ನ ಬ್ಯಾಗಿನಲ್ಲಿರುತ್ತದೆ. ಇನ್ನೊಂದು, ತಿರಸ್ಕರಿಸುವುದಾದರೆ ಕಾರಣವನ್ನು ಬರೆದೇ ಕೊಡಬೇಕು, ಕೊರತೆಯಿದ್ದರೆ ಗ್ರಾಮಸಭೆಗೆ ಮರುಪರಿಶೀಲನೆಗೆ ಕಳಿಸಬೇಕು. ಇದು ನಿಯಮ 12ಎ. ‘ದಯವಿಟ್ಟು ಬರೆದು ಕೊಡಿ ಸಾರ್’ ಎಂದು ಕೇಳಿದ ಮೇಲೆ ಅರ್ಧ ಆಕ್ಷೇಪಣೆಗಳು ಮಾಯವಾದವು. 2019ರ ಫೆಬ್ರವರಿಯಲ್ಲಿ, ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡಿ ಎಂಬ ಸುಪ್ರೀಂ ಕೋರ್ಟ್ ಆದೇಶ ಬಂದು, ಎರಡೇ ವಾರದಲ್ಲಿ ಅದಕ್ಕೆ ತಡೆ ಸಿಕ್ಕಿತಲ್ಲ, ಆ ಹೊತ್ತಿನಲ್ಲಿ ಪೋಡುಗಳಲ್ಲಿ ಎದ್ದ ಗಾಬರಿ ನೋಡಿದವರಿಗೆ ಬರಹದಲ್ಲಿ ಕಾರಣ ಕೇಳುವುದರ ಬೆಲೆ ಗೊತ್ತು. ಕಾರಣವಿಲ್ಲದ ತಿರಸ್ಕಾರದ ಮೇಲೆ ಮೇಲ್ಮನವಿ ಬರೆಯುವುದೇ ಕಷ್ಟ.

ಹಕ್ಕುಪತ್ರ ಕೈಗೆ ಬಂದಾಗ ಹಾರ, ಫೋಟೊ ಎಲ್ಲ ಆಮೇಲೆ. ಮೊದಲು ಕೂತು ಓದಬೇಕು. ವಿಸ್ತೀರ್ಣ ನಿಮ್ಮ ನಕ್ಷೆಯದೇ ಇದೆಯೆ, ಗಡಿಯ ಹೆಸರುಗಳು ಬಂದಿವೆಯೆ, ‘ಇಲಾಖೆಯ ಷರತ್ತಿಗೆ ಒಳಪಟ್ಟು’ ಎಂಬಂಥ ಬಾಲ ಸೇರಿದೆಯೆ. ಕಾಯ್ದೆಯಲ್ಲಿಲ್ಲದ ಷರತ್ತು ಕಂಡರೆ ಅದೇ ವಾರ ಗ್ರಾಮಸಭೆ ಕರೆದು ಆಕ್ಷೇಪಣೆ ಠರಾವು ಮಾಡಿ ಜಿಲ್ಲಾ ಮಟ್ಟದ ಸಮಿತಿಗೆ ಕೊಡಬೇಕು. ನಮ್ಮದರಲ್ಲಿ ಒಂದು ದೇವರ ಜಾಗದ ಹೆಸರು ತಪ್ಪಾಗಿ ಅಚ್ಚಾಗಿತ್ತು. ತಿದ್ದಿಸುವ ತನಕ ಯಜಮಾನರು ಪತ್ರವನ್ನು ಮನೆಯೊಳಗೆ ಒಯ್ಯಲಿಲ್ಲ, ಸಮಿತಿ ಕಾರ್ಯದರ್ಶಿಯ ಟ್ರಂಕಿನಲ್ಲೇ ಇಡಿಸಿದರು.

ಈಗ ನಡೆಯುತ್ತಿರುವುದು ನಿರ್ವಹಣೆಯ ಮಾತು. ಜೇನನ್ನು ಲ್ಯಾಂಪ್ಸ್‌ಗೇ, ಅಂದರೆ ಕಾಡುತ್ಪತ್ತಿ ಕೊಳ್ಳುವ ಬುಡಕಟ್ಟು ಜನರ ಸಹಕಾರ ಸಂಘಕ್ಕೇ, ಕೊಡುವುದೋ ನೇರ ಮಾರುವುದೋ ಎಂಬುದರಲ್ಲಿ ಎರಡು ಗುಂಪಾಗಿದೆ. ಸಾಗಣೆ ಪರವಾನಗಿಯನ್ನು ಗ್ರಾಮಸಭೆಯ ಸಮಿತಿಯೇ ಕೊಡಬಹುದು ಎಂದು ನಿಯಮದಲ್ಲಿದ್ದರೂ ಚೆಕ್‌ಪೋಸ್ಟಿನವರು ಅದನ್ನು ಒಪ್ಪುವಂತೆ ಮಾಡುವುದು ಬೇರೆಯೇ ಕೆಲಸ. ಕಾಡನ್ನೆಲ್ಲ ಆವರಿಸುವ ಲಂಟಾನ ಎಂಬ ಕಳೆಗಿಡದ ಬಗ್ಗೆ ಮಾತ್ರ ಎಲ್ಲರದೂ ಒಂದೇ ಮಾತು: ಮೊದಲೆಲ್ಲ ತರಗು ಬೆಂಕಿ ಹಾಕುತ್ತಿದ್ದೆವು, ಆಗ ಇದು ಹೀಗೆ ಹಬ್ಬಿರಲಿಲ್ಲ ಎನ್ನುತ್ತಾರೆ. ಬೆಂಕಿಯ ಮಾತೆತ್ತಿದರೆ ಇಲಾಖೆಯವರು ಸಭೆಯಿಂದಲೇ ಎದ್ದು ಹೋಗುತ್ತಾರೆ. ಹಾಗಾಗಿ ನಿರ್ವಹಣಾ ಯೋಜನೆಯ ಮೊದಲ ಕರಡಿನಲ್ಲಿ ಕಿತ್ತು ತೆಗೆಯುವುದನ್ನಷ್ಟೇ ಬರೆದಿದ್ದೇವೆ. ಬೆಂಕಿಯ ಅಧ್ಯಾಯಕ್ಕೆ ಹಿರಿಯರ ಹೇಳಿಕೆಗಳನ್ನು ಒಂದೊಂದಾಗಿ ದಾಖಲಿಸಿಕೊಳ್ಳುತ್ತಿದ್ದೇವೆ. ಹೊಲದ ‘ಎ’ ಅರ್ಜಿಗಳ ಅಳತೆ ಈ ಬೇಸಿಗೆಯಲ್ಲಿ.