ಹಳೆಯ ಕಾರಿನ ಕೀಲಿ ಕಳೆದರೆ ಬೀಗ ಒಡೆಸಬೇಡಿ

ಮಾಟುಂಗಾ, ಮುಲುಂಡ್, ಡೊಂಬಿವಲಿಗಳ ಕನ್ನಡಿಗರ ಮನೆಗಳಲ್ಲಿ ಅಪ್ಪನ ಕಾಲದ ಫಿಯಟ್ ಅಥವಾ ಪ್ರೀಮಿಯರ್ ಪದ್ಮಿನಿಯನ್ನು ಇನ್ನೂ ಜತನದಿಂದ ಇಟ್ಟುಕೊಂಡವರಿದ್ದಾರೆ. ಅಂಥ ಕಾರಿನ ಕೀಲಿ ಕಳೆದುಹೋದಾಗ ಮೊದಲು ಸಿಗುವ ಸಲಹೆ, ಬೀಗವನ್ನು ಡ್ರಿಲ್ ಮಾಡಿ ತೆಗೆದು ಮಾರುಕಟ್ಟೆಯ ಹೊಸ ಸೆಟ್ ಹಾಕಿಸಿ ಎಂಬುದು. ನಮ್ಮ ಚಿಕ್ಕಪ್ಪನ ಕಾರಿಗೆ ಹಾಗೆಯೇ ಮಾಡಿಸಿದೆವು. ಬಾಗಿಲಿನ ಹಿಡಿಕೆಯ ಕ್ರೋಮ್ ಕಿತ್ತುಹೋಯಿತು, ಹೊಸ ಬೀಗ ಆ ತೂತಿಗೆ ಸರಿಯಾಗಿ ಕೂರದೆ ಮಳೆಗಾಲದುದ್ದಕ್ಕೂ ಬಾಗಿಲಿನೊಳಗೆ ನೀರು ಇಳಿಯಿತು. ಅದರ ಅಗತ್ಯವೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಹಳೆಯ ಕಾರಿನ ಕೀಲಿಯಲ್ಲಿ ಇಂದಿನ ಕಾರುಗಳಂತೆ ಎಲೆಕ್ಟ್ರಾನಿಕ್ ಚಿಪ್ ಇರುವುದಿಲ್ಲ. ಕೀಲಿ ಕಳೆದರೂ ಅದರ ಅಳತೆ ಬೀಗದೊಳಗೆ ಹಾಗೆಯೇ ಉಳಿದಿರುತ್ತದೆ, ಅದನ್ನು ಓದಿಕೊಳ್ಳಬೇಕು ಅಷ್ಟೆ.

ಬೀಗದ ಒಳಗೆ ಏನಿದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಕೀಲಿ ತೂರಿಸುವ ದುಂಡನೆಯ ಸಿಲಿಂಡರಿನಲ್ಲಿ ಹಿತ್ತಾಳೆಯ ನಾಲ್ಕೈದು ತೆಳುವಾದ ಬಿಲ್ಲೆಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಬಿಲ್ಲೆಯ ನಡುವೆ ಒಂದು ಆಯತಾಕಾರದ ಕಿಂಡಿ, ಪಕ್ಕದಲ್ಲಿ ಒಂದು ಪುಟ್ಟ ಸ್ಪ್ರಿಂಗ್. ಕೀಲಿ ಇಲ್ಲದಾಗ ಸ್ಪ್ರಿಂಗ್ ಒತ್ತಡಕ್ಕೆ ಬಿಲ್ಲೆಗಳು ಒಂದು ಬದಿಗೆ ಚಾಚಿಕೊಂಡು ಹೊರಕವಚದ ತೋಡಿಗೆ ಸಿಕ್ಕಿ, ಸಿಲಿಂಡರ್ ತಿರುಗದಂತೆ ತಡೆಯುತ್ತವೆ. ಕಿಂಡಿಯ ಎತ್ತರ ಒಂದೊಂದು ಬಿಲ್ಲೆಯಲ್ಲಿ ಒಂದೊಂದು ರೀತಿ ಇರುವುದರಿಂದ, ಕೀಲಿಯ ಮೇಲಿನ ಕಚ್ಚುಗಳ ಆಳ ಅದಕ್ಕೆ ಹೊಂದಿದರೆ ಮಾತ್ರ ಎಲ್ಲ ಬಿಲ್ಲೆಗಳೂ ಸಿಲಿಂಡರಿನ ಮೈಮಟ್ಟಕ್ಕೆ ಬಂದು ಅದು ತಿರುಗುತ್ತದೆ.

ಕೆಲಸ ಆರಂಭಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಕೀಲಿ ಕಳೆದದ್ದೋ, ಯಾರ ಕೈಗಾದರೂ ಸಿಕ್ಕಿರಬಹುದೋ? ಸಮುದ್ರಕ್ಕೆ ಬಿದ್ದ ಕೀಲಿಗೆ ಹೊಸ ಕೀಲಿ ಮಾಡಿಸಿದರೆ ಸಾಕು. ಲೋಕಲ್ ರೈಲಿನಲ್ಲಿ ಕಾರಿನ ಕಾಗದಪತ್ರಗಳ ಜೊತೆಗೇ ಚೀಲ ಕಳುವಾಗಿದ್ದರೆ ಬೀಗದ ಒಳಗಿನ ಬಿಲ್ಲೆಗಳನ್ನೂ ಬದಲಿಸಬೇಕು. ಎರಡೂ ಸಂದರ್ಭಗಳಲ್ಲಿ ಪೊಲೀಸರಿಗೆ ವರದಿ ಸಲ್ಲಿಸಿ. ಕಳೆದ ವಸ್ತುವಿನ ವರದಿಯನ್ನು ಮುಂಬಯಿ ಪೊಲೀಸರ ಜಾಲತಾಣದಲ್ಲೇ ಸಲ್ಲಿಸಬಹುದು, ಕಳುವಾಗಿದ್ದರೆ ಠಾಣೆಗೆ ದೂರು ಕೊಡಬೇಕು. ಆರ್‌ಸಿ ಪುಸ್ತಕ ಇಲ್ಲವೇ ಅದರ ಪ್ರತಿ ಕೈಯಲ್ಲಿರಲಿ. ಕಾರು ನಿಮ್ಮದೇ ಎಂಬುದಕ್ಕೆ ದಾಖಲೆ ಕೇಳುವ ಚಾವಿವಾಲಾ ನಂಬಿಕೆಗೆ ಅರ್ಹ. ಏನನ್ನೂ ಕೇಳದೆ ಕೆಲಸಕ್ಕೆ ಕೈಹಾಕುವವನಿಂದ ದೂರವಿರಿ.

ಮುಂದಿನ ಹೆಜ್ಜೆ ಸಂಕೇತ ಸಂಖ್ಯೆಯ ಹುಡುಕಾಟ. ಹಳೆಯ ಕಾರುಗಳಲ್ಲಿ ಕೀಲಿಯ ಮೇಲೋ, ಬೀಗದ ಸಿಲಿಂಡರಿನ ಮೈಮೇಲೋ ಸಣ್ಣ ಅಂಕಿಗಳನ್ನು ಒತ್ತಿರುವುದುಂಟು. ಕಾರಿನ ಕೈಪಿಡಿಯಲ್ಲೋ ಹಳೆಯ ಬಿಲ್ಲಿನಲ್ಲೋ ಯಾರಾದರೂ ಅದನ್ನು ಬರೆದಿಟ್ಟಿರಲೂಬಹುದು. ಸಂಖ್ಯೆ ಸಿಕ್ಕಿ, ಯಾವ ಸಂಖ್ಯೆಗೆ ಎಷ್ಟು ಆಳದ ಕಚ್ಚುಗಳು ಎಂದು ತಿಳಿಸುವ ಪಟ್ಟಿಯೂ ದೊರೆತರೆ ಕೀಲಿಯನ್ನು ಕಾರ್ಖಾನೆಯ ಮೂಲ ಅಳತೆಗೇ ಕೊರೆಸಬಹುದು. ಸವೆದ ಕೀಲಿಯಿಂದ ನಕಲು ತೆಗೆದರೆ ಆ ಸವೆತವೂ ನಕಲಿಗೆ ಬರುತ್ತದೆ.

ಸಂಖ್ಯೆ ಸಿಗದಿದ್ದರೆ ಬೀಗವನ್ನೇ ಬಿಚ್ಚಬೇಕು. ಚಾಲಕನ ಬಾಗಿಲಿನ ಬೀಗ ದಿನವೂ ತಿರುಗಿ ಸವೆದಿರುವುದರಿಂದ, ಅದೇ ಕೀಲಿಗೆ ತೆರೆಯುವ ಎಡಬದಿಯ ಬಾಗಿಲಿನ ಬೀಗವನ್ನು ಆರಿಸಿಕೊಳ್ಳಿ. ಅನೇಕ ಹಳೆಯ ಕಾರುಗಳಲ್ಲಿ ಇಗ್ನಿಷನ್‌ಗೆ ಒಂದು ಕೀಲಿ, ಬಾಗಿಲು ಮತ್ತು ಡಿಕ್ಕಿಗೆ ಇನ್ನೊಂದು ಇರುವುದನ್ನು ಮರೆಯಬೇಡಿ. ಬಾಗಿಲಿನ ಒಳಹಾಸನ್ನು ತೆಗೆದು, ಹಿಡಿಕೆಯನ್ನು ಬಿಚ್ಚಿ, ಸಿಲಿಂಡರನ್ನು ಹಿಡಿದಿರುವ ಕ್ಲಿಪ್ಪನ್ನು ಬಿಡಿಸಿ. ಮುಂಬಯಿಯ ಉಪ್ಪುಗಾಳಿಗೆ ಸ್ಪ್ರಿಂಗ್‌ಗಳು ತುಕ್ಕು ಹಿಡಿದು, ಹಿತ್ತಾಳೆಗೆ ಕಿಲುಬು ಬಂದಿರುತ್ತದೆ. ಬಲ ಹಾಕದೆ ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ಮೆತ್ತನೆಯ ಬ್ರಷ್ಷಿನಿಂದ ತೊಳೆದು ಒಣಗಿಸಿ. ಇವನ್ನೆಲ್ಲ ಅಂಚಿರುವ ಬಿಳಿ ತಟ್ಟೆಯಲ್ಲಿ ಮಾಡಿ, ಏಕೆಂದರೆ ಒಮ್ಮೆ ಹಾರಿದ ಸ್ಪ್ರಿಂಗ್ ಮತ್ತೆ ಸಿಗುವುದು ಕಷ್ಟ.

ಈಗ ಕೀಲಿ ತೂರಿಸುವ ಕಿಂಡಿಗೆ ಸರಿಹೊಂದುವ, ಇನ್ನೂ ಕಚ್ಚು ಕೊರೆಯದ ಹಿತ್ತಾಳೆ ಕೀಲಿಯೊಂದನ್ನು ಸಿಲಿಂಡರಿಗೆ ತೂರಿಸಿ. ಎಲ್ಲ ಬಿಲ್ಲೆಗಳೂ ಸ್ಪ್ರಿಂಗ್ ಒತ್ತುವ ದಿಕ್ಕಿಗೆ ಎದುರಾದ ಬದಿಗೆ ಚಾಚಿಕೊಳ್ಳುತ್ತವೆ. ಪ್ರತಿ ಬಿಲ್ಲೆ ಎಲ್ಲಿ ಕೂರುತ್ತದೆಂದು ಕೀಲಿಯ ಮೇಲೆ ಗೆರೆ ಎಳೆದು, ಆ ಜಾಗವನ್ನು ಸಣ್ಣ ಅರದಿಂದ ಎರಡು ಮೂರು ಸಲ ಉಜ್ಜಿ ಮತ್ತೆ ತೂರಿಸಿ ನೋಡಿ. ಬಿಲ್ಲೆ ಇನ್ನೂ ಅದೇ ಬದಿಗೆ ಚಾಚಿದ್ದರೆ ಕಚ್ಚು ಸಾಲದು. ಇನ್ನೊಂದು ಬದಿಗೆ ಇಣುಕಿದರೆ ಹೆಚ್ಚು ಆಳವಾಗಿ ಆ ಕೀಲಿ ಕೆಟ್ಟಿತೆಂದೇ ಅರ್ಥ. ಬೆರಳಿಗೆ ಏನೂ ತಗುಲದಷ್ಟು ಸಮವಾಗುವವರೆಗೆ ಮುಂದುವರಿಸಿ. ಆತುರದಲ್ಲಿ ಕೀಲಿಯ ಬದಲು ಬಿಲ್ಲೆಯ ತುದಿಯನ್ನೇ ಅರದಿಂದ ಉಜ್ಜಿ ಸಮಮಾಡುವವರಿದ್ದಾರೆ. ಹಾಗೆ ಮಾಡಿದ ಬೀಗ ಯಾವುದೋ ಕೀಲಿಗೂ ತೆರೆದುಕೊಳ್ಳುವಷ್ಟು ಸಡಿಲವಾಗುತ್ತದೆ, ಅದಕ್ಕೆ ಖಂಡಿತ ಒಪ್ಪಬೇಡಿ.

ಕೀಲಿ ಕಳುವಾಗಿದ್ದರೆ ಬಿಲ್ಲೆಗಳ ಸ್ಥಾನ ಬದಲಿಸುವುದು ಸುಲಭ ಪರಿಹಾರ. ಕಿಂಡಿಯ ಎತ್ತರಕ್ಕೆ ತಕ್ಕಂತೆ ಬಿಲ್ಲೆಗಳಿಗೆ ಅಂಕಿ ಕೊಟ್ಟುಕೊಂಡು, 3, 1, 2, 4, 2 ಎಂಬ ಕ್ರಮದಲ್ಲಿದ್ದವನ್ನು 2, 3, 4, 2, 1 ಎಂದು ಜೋಡಿಸಿದರೆ ಹಳೆಯ ಕೀಲಿ ನಿರುಪಯುಕ್ತವಾಗುತ್ತದೆ, ಹೊರಗೆ ಕಾಣುವ ಬೀಗ ಮಾತ್ರ ಮೊದಲಿನದೇ ಆಗಿರುತ್ತದೆ. ಅತಿ ಆಳದ ಕಚ್ಚಿನ ಪಕ್ಕದಲ್ಲೇ ಅತಿ ಎತ್ತರದ್ದು ಬರದಂತೆ ನೋಡಿಕೊಳ್ಳಿ, ಇಲ್ಲವಾದರೆ ಕೀಲಿ ಒಳಗೆ ಸಿಕ್ಕಿಕೊಳ್ಳುತ್ತದೆ. ಅದೇ ಕೀಲಿಗೆ ತೆರೆಯುವ ಉಳಿದ ಬೀಗಗಳಲ್ಲೂ ಇದೇ ಕ್ರಮವನ್ನು ಅನುಸರಿಸಬೇಕು. ತುಂಡಾದ ಬಿಲ್ಲೆ, ಸ್ಪ್ರಿಂಗ್‌ಗಳಿಗೆ ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿ. ಪದ್ಮಿನಿ ತಯಾರಾಗುತ್ತಿದ್ದುದೂ ಅದೇ ಕುರ್ಲಾದಲ್ಲಿ. 50 ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ 2021ರ ಕೇಂದ್ರ ನಿಯಮ ಕಾರು ಮೂಲ ರೂಪದಲ್ಲಿರಬೇಕು ಎನ್ನುತ್ತದೆ. ಅದು ಮುಖ್ಯವಾಗಿ ಚಾಸಿ, ಬಾಡಿ, ಎಂಜಿನ್‌ಗಳ ಮಾತಾದರೂ, ಬೀಗ ಮತ್ತು ಹಿಡಿಕೆಗಳನ್ನು ಉಳಿಸಿಕೊಂಡ ಕಾರಿನ ಬೆಲೆಯೇ ಬೇರೆ ಎಂಬುದು ನನ್ನ ಅಭಿಪ್ರಾಯ.

ಇಗ್ನಿಷನ್ ಬೀಗವನ್ನು ಮಾತ್ರ ಅನುಭವಿಗಳಿಗೇ ಬಿಡಿ. ಬ್ಯಾಟರಿಯ ತಂತಿ ತೆಗೆಸಿ, ಸ್ವಿಚ್ಚಿನ ಹಿಂದಿನ ತಂತಿಗಳ ಫೋಟೋ ತೆಗೆದುಕೊಂಡ ಮೇಲೆಯೇ ಕೈಹಾಕಲು ಹೇಳಿ. ಕೀಲಿ ಸಿಗುವವರೆಗೆ ತಂತಿಗಳನ್ನು ನೇರವಾಗಿ ಜೋಡಿಸಿ ಓಡಿಸುವ ಉಪಾಯ ಬೇಡ, ಹಳೆಯ ವೈರಿಂಗಿಗೆ ಅದರಿಂದ ಬೆಂಕಿ ತಗುಲುವ ಅಪಾಯವಿದೆ.

ಜೋಡಿಸುವಾಗ ತೆಂಗಿನೆಣ್ಣೆ ಹಾಕಬೇಡಿ. ಅದು ಧೂಳು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ, ಅದಿಲ್ಲದಿದ್ದರೆ ಪೆನ್ಸಿಲ್ ಸೀಸದ ನಯವಾದ ಪುಡಿ ಸಾಕು. ಬಾಗಿಲು ತೆರೆದಿಟ್ಟುಕೊಂಡೇ ಬೀಗವನ್ನು ಹತ್ತಾರು ಸಲ ತಿರುಗಿಸಿ ನೋಡಿ. ಅರದಿಂದ ಮಾಡಿದ ಮೊದಲ ಕೀಲಿಯನ್ನು ಮನೆಯಲ್ಲಿ ಜೋಪಾನವಾಗಿಟ್ಟು, ಅದರಿಂದ ತೆಗೆಸಿದ ಎರಡು ನಕಲುಗಳನ್ನು ಮಾತ್ರ ಬಳಸಿ, ಬಿಲ್ಲೆಗಳ ಹೊಸ ಕ್ರಮವನ್ನು ಕಾರಿನಲ್ಲಿಡದೆ ಮನೆಯ ಕಪಾಟಿನಲ್ಲಿ ಬರೆದಿಡಿ.