ಸೋಹಾರ್ ಹಡಗಿನ ಸ್ಟಾಂಪಿಗೆ ಹದಿನಾರು ಹಾಳೆ

ಮಸ್ಕತ್‌ನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಮಂಗಳೂರಿನ ನಮ್ಮ ಮನೆಗೆ ಬರೆದ ಒಂದು ಕಾಗದದ ಮೇಲೆ ಆ ಸ್ಟಾಂಪು ಇತ್ತು. ಅರೇಬಿಯನ್ ನೈಟ್ಸ್ ಕಥೆಯ ನಾವಿಕ ಸಿಂದ್‌ಬಾದನ ದಾರಿಯಲ್ಲಿ ಹೊರಟ ಸೋಹಾರ್ ಹಡಗಿನ ನೆನಪಿಗೆ ಒಮಾನ್ 1981ರಲ್ಲಿ ಹೊರಡಿಸಿದ್ದು. ಅದಕ್ಕೆ ನನ್ನ ಆಲ್ಬಮ್‌ನಲ್ಲಿ ಬರೀ ಒಂದು ಸಾಲು ಜಾಗ ಸಿಕ್ಕಿತ್ತು. ಸ್ಟಾಂಪು ಪ್ರದರ್ಶನಕ್ಕೆ ಒಂದು ಫ್ರೇಮ್, ಅಂದರೆ 16 ಹಾಳೆ ಮಾಡೋಣ ಅಂತ ಕೂತಾಗಲೇ ಅದನ್ನು ಸರಿಯಾಗಿ ನೋಡಿದ್ದು.

ಮೊದಲ ಸಲ ಸಿಂದ್‌ಬಾದನ ಏಳು ಯಾನಗಳನ್ನೂ ಬರೆದು ತುಂಬಿಸಿದೆ. ಅಕ್ಷರವೇ ಜಾಸ್ತಿಯಾಗಿ ಸ್ಟಾಂಪು ಮೂಲೆಗೆ ಬಿತ್ತು. ಎಲ್ಲ ತೆಗೆದು ಮತ್ತೆ ಶುರು ಮಾಡಿದೆ. ಈ ಸಲ ಒಂದೇ ಎಳೆ ಹಿಡಿದೆ: ಈ ಹಡಗಿನ ಹಲಗೆಗಳಿಗೆ ಒಂದು ಮೊಳೆಯೂ ಇಲ್ಲ.

ಬ್ರಿಟಿಷ್ ಸಾಹಸಯಾನಿ ಟಿಮ್ ಸೆವೆರಿನ್ ಇದನ್ನು ಒಮಾನ್‌ನ ಸೂರ್ ಊರಿನಲ್ಲಿ ಕಟ್ಟಿಸಿದರು. ಖರ್ಚು ಸುಲ್ತಾನ್ ಖಾಬೂಸ್ ಅವರದು. ಮರ ಮಲಬಾರ್ ಕಡೆಯದು. ಹಲಗೆಗಳಿಗೆ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿದರು. ಹೊಲಿದವರಲ್ಲಿ ಲಕ್ಷದ್ವೀಪದ ಅಗತ್ತಿಯವರು ಇದ್ದರು. ಹುರಿಯೇ ಸುಮಾರು 650 ಕಿಲೋಮೀಟರ್! 1980ರ ನವೆಂಬರ್‌ನಲ್ಲಿ ಮಸ್ಕತ್ ಬಿಟ್ಟ ಹಡಗು 1981ರ ಜುಲೈನಲ್ಲಿ ಚೀನಾದ ಕ್ಯಾಂಟನ್ ಮುಟ್ಟಿತು. ದಾರಿಯಲ್ಲಿ ಲಕ್ಷದ್ವೀಪದ ಚೆತ್ಲತ್ ದ್ವೀಪಕ್ಕೂ ಹೋಗಿತ್ತು.

ಚೆತ್ಲತ್ ಹೆಸರು ಓದಿ ನನಗೆ ಮೈ ಜುಮ್ಮೆಂದಿತು. 1956ರವರೆಗೆ ಅದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅಲ್ಲಿನ ಹುರಿ ಬರುತ್ತಿದ್ದದ್ದು ಮಂಗಳೂರು ಬಂದರಿಗೆ. ಹಳೆ ಬಂದರಿನಿಂದ ಮಂಜಿಗಳು, ಅಂದರೆ ಸರಕಿನ ಮರದ ಹಡಗುಗಳು, ಲಕ್ಷದ್ವೀಪಕ್ಕೆ ಹೋಗುವುದನ್ನು ನೋಡುತ್ತಲೇ ಬೆಳೆದವರು ನಾವು, ಅಲ್ವಾ? ಎಂಟನೇ ಹಾಳೆಯನ್ನು ಪೂರ್ತಿ ಚೆತ್ಲತ್‌ಗೇ ಕೊಟ್ಟೆ.

ಬಂದರಿನ ಅಂಗಡಿಯಿಂದ ಒಂದು ಗೇಣು ಹುರಿ ತಂದೆ. ಇಡೀ ಹುರಿ ಇಟ್ಟರೆ ಹಾಳೆ ಉಬ್ಬುತ್ತದೆ. ಹಾಗಾಗಿ ಪಿರಿ ಬಿಚ್ಚಿ ಒಂದೇ ಒಂದು ಎಳೆ ತೆಗೆದೆ. ಕೂದಲಿಗಿಂತ ಸ್ವಲ್ಪ ದಪ್ಪ, ಕೆಂಗಂದು ಬಣ್ಣ, ಬೆರಳಿಗೆ ಚುರುಕ್ ಅನ್ನುತ್ತದೆ. ನಾರಿನ ಕಂದು ಬಣ್ಣ ಕಾಗದಕ್ಕೆ ಹತ್ತುತ್ತದೆ, ಅದಕ್ಕೆ ಬೇರೆ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಸ್ಟಾಂಪಿನಿಂದ ದೂರ ಇಟ್ಟೆ.

ಚಿಕ್ಕಪ್ಪನ ಲಕೋಟೆಯನ್ನು ಹಾಗೇ ಉಳಿಸಿದೆ. ದಯವಿಟ್ಟು ಯಾರೂ ಇಂಥದ್ದನ್ನು ನೀರಲ್ಲಿ ನೆನೆಸಿ ಬಿಡಿಸಬೇಡಿ. ಮಸ್ಕತ್‌ನ ಠಸ್ಸೆ, ಕೈಬರಹ, ಊರಿನ ವಿಳಾಸ ಎಲ್ಲ ಸೇರಿದರೇ ಅದು ಹಡಗಿನ ಕಾಲದ ಕಾಗದ. ಚಿಮುಟದಲ್ಲೇ ಹಿಡಿಯಿರಿ. ನಮ್ಮ ಮಳೆಗಾಲದಲ್ಲಿ ಸ್ಟಾಂಪಿನ ಹಿಂದಿನ ಗೋಂದು ತಾನಾಗಿ ಅಂಟುತ್ತದೆ. ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಆಲ್ಬಮ್ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ.

ಆ ಲಕೋಟೆಯನ್ನು ಹದಿನಾರನೇ ಹಾಳೆಗೆ ಇಟ್ಟೆ. ಕೆಳಗೆ ಬರೆದದ್ದು ಇಷ್ಟೇ: 'ಮಸ್ಕತ್‌ನಿಂದ ಮಂಗಳೂರಿಗೆ.'