ಚಪ್ಪಾಳೆ ತಟ್ಟಿ ಕೇಳಿದ ಊರು

ಮಂಗಳೂರಿನ ರಾಕ್ ಸಂಗೀತದ ಚರಿತ್ರೆ ಹೇಳುವ ನನ್ನ ಮೊದಲ ನಡಿಗೆಗೆ ಹನ್ನೊಂದು ಮಂದಿ ಬಂದಿದ್ದರು. ಹಂಪನಕಟ್ಟೆ ಮುಟ್ಟುವಾಗ ಉಳಿದದ್ದು ನಾಲ್ವರು, ಅವರಲ್ಲಿ ಒಬ್ಬಳು ನನ್ನ ಹೆಂಡತಿ. ಮೇ ತಿಂಗಳ ಸಂಜೆ ನಾಲ್ಕು ಗಂಟೆಗೆ ಮಂಗಳೂರಿನಲ್ಲಿ ಜನರನ್ನು ಬೀದಿಬೀದಿ ನಡೆಸುವುದು ಶಿಕ್ಷೆಯೇ ಸರಿ. ಆದರೆ ಬೆವರಿಗಿಂತ ದೊಡ್ಡ ತಪ್ಪು ಬೇರೆ ಇತ್ತು. ಒಂದೊಂದು ಕಟ್ಟಡದ ಎದುರು ನಿಂತು, ಕಾಗದ ಹಿಡಿದು ಇಸವಿ ಓದುತ್ತಿದ್ದೆ. ಜ್ಯೋತಿ ವೃತ್ತದಲ್ಲಿ ಸಿಟಿ ಬಸ್ಸುಗಳ ಹಾರ್ನಿನ ನಡುವೆ ನನ್ನ ಬಾಯಿ ಆಡುವುದಷ್ಟೇ ಅವರಿಗೆ ಕಾಣುತ್ತಿತ್ತು. "ಇಪ್ಪತ್ತೆರಡು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟವರು ನೀವು. ಕೇಳಿಸದ ಜಾಗದಲ್ಲಿ ನಿಂತು ಮಾತಾಡುವುದೆಂತದು?" ಎಂದು ರಾತ್ರಿ ಗಂಜಿ ಬಡಿಸುವಾಗ ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ. ಉಪ್ಪಿನಕಾಯಿ ಕೇಳಿದೆ.

ಮೈಕ್‌ಸೆಟ್‌ಗೆ ಮೊದಲು ನಾನು ಬೇಸ್ ಗಿಟಾರ್ ನುಡಿಸುತ್ತಿದ್ದವನು. ಗಣೇಶೋತ್ಸವದ ರಸಮಂಜರಿ, ಕೊಂಕಣಿ ನೈಟ್ ಎಂಬ ಟಿಕೆಟ್ಟಿನ ಹಾಡಿನ ಕಾರ್ಯಕ್ರಮ, ಮದುವೆ ರಿಸೆಪ್ಶನ್, ಯಾರು ಕರೆದರೂ ಹೋಗುತ್ತಿದ್ದೆವು. ಇಡೀ ರಾತ್ರಿಯಲ್ಲಿ ಒಂದೋ ಎರಡೋ ಹಾಡು ನಮ್ಮ ಆಸೆಗೆ, ರಾಕ್. ಜನ ಐಸ್‌ಕ್ರೀಮ್ ತರಲು ಏಳುತ್ತಿದ್ದದ್ದೂ ಸರಿಯಾಗಿ ಆಗಲೇ. ಆದ್ದರಿಂದ ಮಂಗಳೂರಿನ ರಾಕ್ ಚರಿತ್ರೆಯನ್ನು ನಡೆದು ತೋರಿಸುತ್ತೇನೆ ಎಂದಾಗ ಹಳೆಯ ಡ್ರಮ್ಮರ್ ಗೆಳೆಯ ನಕ್ಕದ್ದರಲ್ಲಿ ಆಶ್ಚರ್ಯವಿಲ್ಲ. "ನಮ್ಮ ಚರಿತ್ರೆ ಎರಡು ಹಾಡಿನದ್ದು, ನಡೆಯುವುದು ಎಷ್ಟು ದೂರ?"

ಯೋಚನೆ ಹುಟ್ಟಿದ್ದು ಲಿವರ್‌ಪೂಲಿನಲ್ಲಿ. ಅಕ್ಕನ ಮಗಳು ಅಲ್ಲಿ ನರ್ಸ್. ನನ್ನನ್ನು ಮ್ಯಾಥ್ಯೂ ಸ್ಟ್ರೀಟಿಗೆ ಕರೆದುಕೊಂಡು ಹೋದಳು. ಬೀಟಲ್ಸ್ 1961ರಿಂದ 1963ರವರೆಗೆ 292 ಬಾರಿ ನುಡಿಸಿದ ಕ್ಯಾವರ್ನ್ ಕ್ಲಬ್ ಇರುವ ಬೀದಿ ಅದು. ಈಗ ಕಾಣುವುದು ಆ ನೆಲಮಾಳಿಗೆಯಲ್ಲ. ಮೂಲದ್ದು 1973ರಲ್ಲಿ ಮುಚ್ಚಿತು, 1984ರಲ್ಲಿ ಹಳೆಯ ಇಟ್ಟಿಗೆಗಳನ್ನೇ ಸಾಕಷ್ಟು ಬಳಸಿ ಮತ್ತೆ ಕಟ್ಟಿದರು. ನಮ್ಮ ಮಾರ್ಗದರ್ಶಿ ಇದನ್ನು ಮುಚ್ಚಿಡಲಿಲ್ಲ, ಮೊದಲೇ ಹೇಳಿದ. ಜನ ಆದರೂ ಇಟ್ಟಿಗೆ ಮುಟ್ಟಿದರು. ನಾನು ಮುಟ್ಟಲಿಲ್ಲ, ಚಪ್ಪಾಳೆ ತಟ್ಟಿದೆ. ಹೊಸ ಹಾಲ್‌ಗೆ ಹೋದಾಗಲೆಲ್ಲ ಮಾಡುವ ಕೆಲಸ ಅದು, ಶಬ್ದ ಹೇಗೆ ಮರಳುತ್ತದೆ ಎಂದು ಕೇಳಿದ ಮೇಲೆಯೇ ಸ್ಪೀಕರ್ ಎಲ್ಲಿಡಬೇಕೆಂದು ಹೇಳಬಹುದು. ಕಮಾನಿನ ತಗ್ಗು ಮಾಡಿನಡಿ ಚಪ್ಪಾಳೆ ಎದೆಗೆ ಬಂದು ಬಡಿಯಿತು. ಆ ಹುಡುಗರು ಅಷ್ಟು ಗಟ್ಟಿಯಾಗಿ ಯಾಕೆ ನುಡಿಸಿದರು ಎಂಬುದು ಅಲ್ಲಿ ಅರ್ಧ ಅರ್ಥವಾಯಿತು.

ಮೊದಲ ನಡಿಗೆ ಕೆಟ್ಟ ಮೇಲೆ ಕಾಗದ ಹರಿದು ಚಪ್ಪಾಳೆಯನ್ನು ಹಿಡಿದುಕೊಂಡೆ. ಈಗ ಹನ್ನೆರಡು ಮಂದಿಗಿಂತ ಹೆಚ್ಚು ಸೇರಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಬಲ್ಮಠದಲ್ಲಿ ಸೇರಿ, ಬಾವುಟಗುಡ್ಡೆ ಹತ್ತಿ ಇಳಿದು, ಹಂಪನಕಟ್ಟೆ, ಪುರಭವನ ದಾಟಿ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಮುಗಿಸುತ್ತೇವೆ. ದೂರ ಎರಡೂವರೆ ಕಿಲೋಮೀಟರ್ ಇದ್ದೀತು, ಸಮಯವೂ ಎರಡೂವರೆ ಗಂಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲ. ನಮ್ಮ ಮಳೆಯಲ್ಲಿ ಕೊಡೆ ಹಿಡಿದವರಿಗೆ ಕೊಡೆಯ ಮೇಲಿನ ಮಳೆಯೇ ಕೇಳಿಸುವುದು.

ಬಲ್ಮಠದಿಂದ ಆರಂಭಿಸುವುದಕ್ಕೆ ಕಾರಣವಿದೆ. ಬಾಸೆಲ್ ಮಿಷನ್ನಿನ ಕ್ರೈಸ್ತ ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಆಮೇಲೆ ನೆಲೆ ಮಾಡಿಕೊಂಡದ್ದು ಬಲ್ಮಠದಲ್ಲಿ. ಅವರ ಅಚ್ಚುಕೂಟ, 'ಮಂಗಳೂರ ಸಮಾಚಾರ', ಕಿಟ್ಟೆಲ್ಲರ ನಿಘಂಟು ಎಲ್ಲರಿಗೂ ಗೊತ್ತು. ಜರ್ಮನಿಯ ರಾಗಗಳಿಗೆ ಕನ್ನಡ ಪದ ಕೂಡಿಸಿ ನಾಲ್ಕು ಸ್ವರಶ್ರೇಣಿಗಳಲ್ಲಿ ಒಟ್ಟಿಗೆ ಹಾಡುವ ಅಭ್ಯಾಸವನ್ನೂ ತಂದದ್ದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಗಿಟಾರ್ ಇಲ್ಲಿಗೆ ಬರುವ ಎಷ್ಟೋ ಮೊದಲು ಗಿಟಾರಿನ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ ಮೊಳಗುವ ಕೂಟ, ಬಂದಿತ್ತು ಎಂದು ನಾನು ಹೇಳುವುದು ಇದಕ್ಕೇ. ಕೆಥೊಲಿಕ್ ಇಗರ್ಜಿಗಳ ಗಾಯನವೃಂದಗಳನ್ನೂ ಸೇರಿಸಿಕೊಂಡರೆ, ಈ ಊರಿನ ಕೆಲವು ಕಿವಿಗಳಿಗೆ ಮೂರು ಸ್ವರ ಒಟ್ಟಿಗೆ ಮೊಳಗುವುದು ವಿದೇಶೀಯವಾಗಿ ಉಳಿದಿರಲಿಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಮುಟ್ಟುವುದಿಲ್ಲ. ಹನ್ನೆರಡು ಮಂದಿಯನ್ನು ಮೂರು ಪಾಲು ಮಾಡುತ್ತೇನೆ. ಒಂದು ಪಾಲು 'ಸ' ಹಿಡಿಯಬೇಕು, ಇನ್ನೊಂದು 'ಗ', ಮತ್ತೊಂದು 'ಪ'. ಬಾಯಿ ಮುಚ್ಚಿ ಗುನುಗಬೇಕು, ಯಾರೂ ಪಕ್ಕದವರ ಕಡೆಗೆ ಜಾರಬಾರದು. ಮೊದಲ ಸಲ ಜಾರುತ್ತಾರೆ, ನಗುತ್ತಾರೆ. ಮೂರನೆಯ ಸಲಕ್ಕೆ ಅದು ಕೂಡುತ್ತದೆ, ಮೂರು ಸ್ವರದ ನಡುವೆ ನಾಲ್ಕನೆಯದೇನೋ ಮೊಳಗಿದ ಹಾಗೆ. ಕರ್ನಾಟಕ ಸಂಗೀತ ಕಲಿತ ಒಬ್ಬರು ಅಜ್ಜಿ ಕಣ್ಣು ತೆರೆದು "ಇದು ಶ್ರುತಿಪೆಟ್ಟಿಗೆ ಜಗಳಕ್ಕೆ ನಿಂತ ಹಾಗಿದೆ, ಆದರೆ ಚಂದದ ಜಗಳ" ಎಂದರು. ಕಾರ್ಡ್ ಎಂದರೇನು ಎಂದು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಜ್ಯೋತಿ ವೃತ್ತವನ್ನು ಈಗ ಮಾತಿಲ್ಲದೆ ದಾಟುತ್ತೇವೆ. ಅಲೋಶಿಯಸ್ ಕಾಲೇಜಿನ ಚಾಪೆಲ್ ಒಳಗೂ ಹೋಗುವುದಿಲ್ಲ. ಅಂತೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳ ಮುಂದೆ ನಿಂತರೆ ನನ್ನ ಗುಂಪು ಕಿವಿ ಮರೆತು ಕಣ್ಣಾಗಿಬಿಡುತ್ತದೆ, ಮತ್ತೆ ದಾರಿಗೆ ತರುವಷ್ಟರಲ್ಲಿ ಒಂಬತ್ತು ಗಂಟೆ.

ಬಾವುಟಗುಡ್ಡೆಯ ಮೇಲೆ ಪಡುವಣ ಗಾಳಿಗೆ ಮುಖ ಕೊಟ್ಟು ಕೂತು, ಈ ಊರಿಗೆ ಸದ್ದು ಹೇಗೆ ಬಂತು ಎಂದು ಹೇಳುತ್ತೇನೆ. ರಾತ್ರಿ ಶಾರ್ಟ್‌ವೇವ್‌ನಲ್ಲಿ ಏರಿಳಿಯುತ್ತಿದ್ದ ರೇಡಿಯೊ ಸಿಲೋನ್, 1976ರಲ್ಲಿ ಕದ್ರಿಯಲ್ಲಿ ಶುರುವಾದ ಆಕಾಶವಾಣಿ, ಹಡಗಿನ ಕೆಲಸದವರು ತಂದ ಗ್ರಾಮಫೋನ್ ತಟ್ಟೆಗಳು. ಎಲ್ಲಕ್ಕಿಂತ ಹೆಚ್ಚಾಗಿ ಕೊಲ್ಲಿ ರಾಷ್ಟ್ರಗಳು. ಕುವೈತ್, ದುಬೈ, ಬಹರೈನಿಗೆ ಹೋದವರು ರಜೆಯಲ್ಲಿ ಬರುವಾಗ ರೇಡಿಯೊ, ಟೇಪ್ ಎರಡೂ ಇರುವ ಟೂ-ಇನ್-ವನ್ ತಂದರು, ಖಾಲಿ ಕ್ಯಾಸೆಟ್ ತಂದರು, ಆಮೇಲೆ ಕೀಬೋರ್ಡ್ ತಂದರು. ನನ್ನ ಮೊದಲ ಗಿಟಾರ್ ಕಲ್ಕತ್ತೆಯದ್ದು. ತಂತಿಗೂ ಮರಕ್ಕೂ ನಡುವೆ ಒಂದು ಪೆನ್ಸಿಲ್ ತೂರಿಸಬಹುದಿತ್ತು, ಬೆರಳ ತುದಿಯ ಚರ್ಮ ಎರಡು ಸಲ ಸುಲಿದು ಬಂತು. ಆದರೆ ನಮ್ಮ ಬ್ಯಾಂಡಿನ ಮೊದಲ ನಿಜವಾದ ಆಂಪ್ಲಿಫೈಯರ್ ಬಂದದ್ದು ಗೆಳೆಯನ ಭಾವನ ಜೊತೆ, ವಿಮಾನದಲ್ಲಿ, ಹೊದಿಕೆ ಸುತ್ತಿಕೊಂಡು.

ಇಲ್ಲಿ ಒಂದು ಮಾತು. ನಡಿಗೆಗೆ ತಯಾರಿ ಮಾಡುವಾಗ ಹಳೆಯ ಕಲಾವಿದರ ಮನೆಗಳಿಗೆ ಹೋದೆ. ಮೂರು ಸಂಜೆ, ಮೂರು ಮನೆ, 'ಮಂಗಳೂರಿನ ಮೊದಲ ಎಲೆಕ್ಟ್ರಿಕ್ ಗಿಟಾರ್' ಮೂರು. ಪ್ರತಿಯೊಬ್ಬರಿಗೂ ಸಾಕ್ಷಿ ಇತ್ತು, ಸಾಕ್ಷಿ ಹೇಳಬೇಕಾದವರು ಮಾತ್ರ ತೀರಿಕೊಂಡಿದ್ದರು. ಅಂದಿನಿಂದ 'ಮೊದಲ' ಎಂಬ ಪದವನ್ನೇ ನನ್ನ ನಡಿಗೆಯಿಂದ ತೆಗೆದುಹಾಕಿದ್ದೇನೆ.

ಗುಡ್ಡೆಯಿಂದ ಇಳಿದು ಮಿಲಾಗ್ರಿಸ್ ಇಗರ್ಜಿಯ ಹೊರಗೆ ನಿಲ್ಲುವಾಗ ಒಳಗೆ ಪೂಜೆ ನಡೆಯುತ್ತಿರುತ್ತದೆ. ನಾವು ಹೊರಗಿನಿಂದಲೇ ಕೇಳುತ್ತೇವೆ. ಎತ್ತರದ ಮಾಡಿನಡಿ ಒಂದು ಸ್ವರ ಆರುವ ಮೊದಲೇ ಇನ್ನೊಂದು ಅದರ ಮೇಲೆ ಕೂರುತ್ತದೆ. ಗಾಯನವೃಂದಕ್ಕೆ ಅದು ಅಮೃತ, ಡ್ರಮ್‌ಸೆಟ್ಟಿಗೆ ವಿಷ. ಅಂಥ ಜಾಗದಲ್ಲಿ ಡ್ರಮ್ ಬಾರಿಸಿದರೆ ಪ್ರತಿ ಪೆಟ್ಟೂ ಹಿಂದಿನ ಪೆಟ್ಟನ್ನು ನುಂಗುತ್ತದೆ. ಲಯ ಆಚೆ ಬರಬೇಕಾಯಿತು, ಮದುವೆ ಮನೆಯ ಅಂಗಳಕ್ಕೆ.

ಆ ಅಂಗಳದ ಕತೆಯನ್ನು ಹೇಳುವವರು ನಾನಲ್ಲ. ಬಜ್ಪೆ ಕಡೆಯಿಂದ ಒಬ್ಬರು ಹಿರಿಯರು ಗುಮಟೆ ಹಿಡಿದುಕೊಂಡು ಬರುತ್ತಾರೆ. ನಾವೆಲ್ಲ ಅವರನ್ನು ಮಾಮ್, ಅಂದರೆ ಮಾವ, ಎಂದೇ ಕರೆಯುವುದು. ಕೊಂಕಣಿ ಕೆಥೊಲಿಕರಲ್ಲಿ ಮದುವೆಯ ಹಿಂದಿನ ಸಂಜೆ ರೋಸ್ ಎಂಬ ಶಾಸ್ತ್ರ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ಹಾಡುವ ವೊವಿಯೊ, ಆಮೇಲೆ ಗುಮಟೆ. ಬಾರ್ಕೂರು ಕಡೆಯ ಕುಡುಬಿ ಸಮುದಾಯದವರ ಹೋಳಿಯಲ್ಲೂ ಇದೇ ವಾದ್ಯ. ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣದು ತೆರೆದೇ ಇರುತ್ತದೆ. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. ಉಡ ರಕ್ಷಿತ ಪ್ರಾಣಿಯಾದ ಮೇಲೆ ಆಡಿನ ಚರ್ಮ.

ಮಾಮ್ ಬಲಗೈ ಬೆರಳುಗಳಲ್ಲಿ ಚರ್ಮಕ್ಕೆ ಹೊಡೆಯುತ್ತಾರೆ. ಎಲ್ಲರೂ ಆ ಕೈಯನ್ನೇ ನೋಡುತ್ತಿರುತ್ತಾರೆ. ಎಡಗೈಯನ್ನು ನೋಡಿ ಎನ್ನುತ್ತೇನೆ ನಾನು. ಎಡ ಅಂಗೈ ಹಿಂದಿನ ಸಣ್ಣ ಬಾಯಿಯನ್ನು ಮುಚ್ಚುತ್ತದೆ, ಚೂರು ಸಡಿಲಿಸುತ್ತದೆ, ಬಿಡುತ್ತದೆ. ಮುಚ್ಚಿದಾಗ 'ದುಂ', ಬಿಡುತ್ತಾ ಹೋದರೆ 'ದುವಾಂ'. ಆಗ ನನ್ನ ಚೀಲದಿಂದ ಹಳೆಯ ವಾ-ವಾ ಪೆಡಲ್ ತೆಗೆದು ಕಟ್ಟೆಯ ಮೇಲಿಡುತ್ತೇನೆ. ಗಿಟಾರಿನವರು ಪಾದದಡಿ ಇಟ್ಟುಕೊಂಡು ಒತ್ತಿ ಸಡಿಲಿಸುವ ಈ ಪೆಟ್ಟಿಗೆ ಮಾರುಕಟ್ಟೆಗೆ ಬಂದದ್ದು 1967ರಲ್ಲಿ. ತಂತಿಯ ನಾದವನ್ನು ಮುಚ್ಚಿ ತೆರೆಯುವುದೇ ಅದರ ಕಸುಬು. ಪೆಡಲ್‌ಗೆ ವಿದ್ಯುತ್ ಕೊಡುವ ಗೋಜಿಗೆ ಹೋಗುವುದಿಲ್ಲ. ಬಾಯಿಗೆ ಅಂಗೈ ಮುಚ್ಚಿ 'ಆ' ಎನ್ನುತ್ತಾ ಕೈ ತೆಗೆಯಿರಿ ಎಂದರೆ ಹನ್ನೆರಡು ಮಂದಿಯೂ ವಾ-ವಾ ಪೆಡಲ್ ಆಗುತ್ತಾರೆ. ಮಾಮ್‌ಗೆ ಮಾತ್ರ ಈ ಹೋಲಿಕೆ ಅಷ್ಟಕ್ಕಷ್ಟೆ. "ಮಡಕೆಗೆ ಬ್ಯಾಟರಿ ಬೇಡ" ಎಂದು ಹೇಳಿ ಮತ್ತೆ ಬಾರಿಸುತ್ತಾರೆ.

ಇಲ್ಲೇ ಒಮ್ಮೆ ಕಪ್ಪು ಟೀಶರ್ಟಿನ ಹುಡುಗನೊಬ್ಬ ತಡೆದ. "ಅಂಕಲ್, ಇದೆಲ್ಲ ಚೆನ್ನಾಗಿದೆ. ಆದರೆ ರಾಕ್ ಎಲ್ಲಿ?" ನ್ಯಾಯವಾದ ಪ್ರಶ್ನೆ. ವಿಲ್ಫಿ ರೆಬಿಂಬಸ್ ರಾಕ್ ಗಾಯಕರಲ್ಲ, 'ಕೊಂಕಣ್ ಕೋಗುಳ್' ಎಂದೇ ಹೆಸರಾದವರು. 2010ರಲ್ಲಿ ಅವರು ತೀರಿಕೊಳ್ಳುವವರೆಗೂ ಅವರ ನೈಟ್‌ಗಳಿಗೆ ಜನ ಕುರ್ಚಿ ಸಿಗದೆ ನಿಂತು ಕೇಳಿದವರು. ನಮ್ಮ ಮದುವೆಗಳಲ್ಲಿ ಹತ್ತು ಮಂದಿ ಕೇಳಿದರೆ ಎಂಟು ಮಂದಿ ಅಮೆರಿಕದ ಗಾಯಕ ಜಿಮ್ ರೀವ್ಸ್‌ನ ಹಾಡು ಕೇಳುತ್ತಿದ್ದರು. ಆತ 1964ರಲ್ಲೇ ತೀರಿಕೊಂಡಿದ್ದಾನೆ ಎಂಬ ಸುದ್ದಿ ಮಂಗಳೂರಿಗೆ ಇನ್ನೂ ತಲುಪಿಲ್ಲ. ಆದರೆ ಟಿಕೆಟ್ ಕೊಂಡು, ಸಾಲು ಕುರ್ಚಿಯಲ್ಲಿ ಕೂತು, ಬ್ಯಾಂಡ್ ನುಡಿಸುವುದನ್ನೇ ಮೂರು ಗಂಟೆ ಕೇಳುವ ಜನರನ್ನು ಈ ಊರಿನಲ್ಲಿ ತಯಾರು ಮಾಡಿದ್ದು ಆ ನೈಟ್‌ಗಳು. ಡ್ರಮ್ಮರಿಗೂ ಬೇಸ್‌ನವನಿಗೂ ಅನ್ನ ಹಾಕಿದ್ದೂ ಅವೇ. ನಮ್ಮ ಎರಡು ರಾಕ್ ಹಾಡು ಆ ಅನ್ನದ ಮೇಲಿನ ಉಪ್ಪಿನಕಾಯಿ. ಇಷ್ಟು ಹೇಳಿದೆ. ಹುಡುಗ ಒಪ್ಪಿದಂತೆ ಕಾಣಲಿಲ್ಲ, ಆದರೆ ಬಿಟ್ಟು ಹೋಗಲಿಲ್ಲ.

ಅವನಿಗೆ ಬೇಕಾದದ್ದು ಸಿಕ್ಕಿದ್ದು ಮೈದಾನದ ಅಂಚಿನಲ್ಲಿ. ಕುದ್ಮುಲ್ ರಂಗರಾಯರ ಹೆಸರಿನ ಪುರಭವನದ ಗೋಡೆಯ ಹತ್ತಿರ ಒಂದು ಚಪ್ಪಾಳೆ, ಆಮೇಲೆ ನೆಹರೂ ಮೈದಾನದ ನಡುವೆ ಒಂದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗೋಡೆ ಹದಿನೇಳು ಮೀಟರ್‌ಗಿಂತ ಹತ್ತಿರವಿದ್ದರೆ ಮರಳಿದ ಸದ್ದು ಮೂಲದ ಜೊತೆಗೇ ಬೆರೆತು ಅದನ್ನು ದಪ್ಪ ಮಾಡುತ್ತದೆ. ಮೈದಾನದಲ್ಲಿ ಏನೂ ಮರಳುವುದಿಲ್ಲ, ಚಪ್ಪಾಳೆ ಕೈಯಲ್ಲೇ ಸಾಯುತ್ತದೆ. ಹಾಗಾದರೆ ಬಯಲಲ್ಲಿ ಜನರನ್ನು ಹಿಡಿಯುವುದು ಹೇಗೆ? ದಸರಾ ಹೊತ್ತಿನ ಪಿಲಿವೇಷದವರಿಗೆ, ಅಂದರೆ ಹುಲಿ ಕುಣಿತದವರಿಗೆ, ಇದು ಯಾವತ್ತೋ ಗೊತ್ತಿತ್ತು. ತೆಳ್ಳಗಿನ ಕೋಲಿನಿಂದ ಬಾರಿಸುವ ತಾಸೆಯ ಚೂಪು ಸದ್ದು, ಅಡಿಯಲ್ಲಿ ಡೋಲಿನ ಗುಡುಗು. ಸ್ನೇರ್ ಡ್ರಮ್ ಮತ್ತು ಬೇಸ್ ಡ್ರಮ್ ಮಾಡುವುದು ಇದನ್ನೇ, ಒಂದು ಕಿವಿಗೆ, ಇನ್ನೊಂದು ಹೊಟ್ಟೆಗೆ. ನನ್ನ ಡ್ರಮ್ಮರ್ ಗೆಳೆಯ ಹುಲಿ ಕುಣಿತದ ತಾಸೆಯ ಪೆಟ್ಟನ್ನು ಎರಡು ಪೆನ್ನಿನಲ್ಲಿ ಸ್ಟೀಲ್ ಬಾಟಲಿಯ ಮೇಲೆ ಬಾರಿಸಿದ. ಎಂಟು ಮಾತ್ರೆ ಮುಗಿಯುವಷ್ಟರಲ್ಲಿ ದಾರಿಯಲ್ಲಿ ಮೀನಿನ ಚೀಲ ಹಿಡಿದು ಹೋಗುತ್ತಿದ್ದವರೊಬ್ಬರ ಭುಜ ತಾನಾಗಿ ಏಳತೊಡಗಿತು. ಕಪ್ಪು ಟೀಶರ್ಟಿನವನು ಗೆಳೆಯನ ಕೈಯಿಂದ ಪೆನ್ನು ಕೇಳಿ ತೆಗೆದುಕೊಂಡ.

ಸ್ಟೇಟ್ ಬ್ಯಾಂಕಿನಲ್ಲಿ ನಡಿಗೆ ಮುಗಿಯುವುದು ಒಂದು ತಪ್ಪೊಪ್ಪಿಗೆಯೊಂದಿಗೆ. ಗಟ್ಟಿ ರಾಕ್ ಕೇಳಬೇಕಾದರೆ ನಾವು ಇಲ್ಲಿಂದಲೇ ಬಸ್ ಹತ್ತುತ್ತಿದ್ದೆವು. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನ 'ಇನ್ಸಿಡೆಂಟ್', ಮಣಿಪಾಲದ 'ರೆವೆಲ್ಸ್', ಆ ಉತ್ಸವಗಳ ಬ್ಯಾಂಡ್ ಸ್ಪರ್ಧೆಗಳು. ನಡೆದು ಮುಟ್ಟುವ ದೂರವಲ್ಲ, ಆದ್ದರಿಂದ ಬಸ್ಸನ್ನಷ್ಟೇ ತೋರಿಸುತ್ತೇನೆ. 2007ರ ಮಾರ್ಚಿನಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಘಾಟಿ ಹತ್ತಿ ಹೋದವರಲ್ಲಿ ನಾನೂ ಒಬ್ಬ. ಜನರೆಲ್ಲ ವೇದಿಕೆ ನೋಡುತ್ತಿದ್ದರು, ನಾನು ಸ್ಪೀಕರ್ ಎಣಿಸುತ್ತಿದ್ದೆ.

ಕದ್ರಿಗೆ ಬೇರೆಯೇ ನಡಿಗೆ ಮಾಡಬೇಕೆಂದಿದ್ದೇನೆ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮನಸೋತು, ಅದಕ್ಕೆ ಗಮಕ ಕಲಿಸಿ, 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದವರೆಗೆ ಹೋದವರು. ಅವರಿಂದಾಗಿ ನಮ್ಮ ಕಡೆಯ ದೇವಸ್ಥಾನಗಳಲ್ಲೂ ಮದುವೆಗಳಲ್ಲೂ ಸ್ಯಾಕ್ಸೊಫೋನ್ ಮನೆಮಗನಾಯಿತು. ದಾರಿ ಗುರುತು ಮಾಡಿಯಾಗಿದೆ. ಕಷ್ಟ ಇರುವುದು ವಾದಕರದ್ದು, ಮದುವೆಯ ಕಾಲದಲ್ಲಿ ಭಾನುವಾರ ಬೆಳಿಗ್ಗೆ ಆರೂವರೆಗೆ ಬಿಡುವಿರುವ ಸ್ಯಾಕ್ಸೊಫೋನಿನವರು ಈ ಜಿಲ್ಲೆಯಲ್ಲಿ ಸಿಗುವುದಿಲ್ಲ. ಕೊನೆಗೆ ಒಬ್ಬರು ಜನವರಿಯಲ್ಲಿ ಬರುತ್ತೇನೆ ಎಂದಿದ್ದಾರೆ. ಒಂದೇ ಶರತ್ತು, ತಮ್ಮ ಹತ್ತಿರ ಮೈಕ್ ತರಬಾರದಂತೆ.